ಕೆಲಸದ ಜಾಗದಲ್ಲಿ ಲಿಥಿಯಂ ಬ್ಯಾಟರಿ ಬೆಂಕಿ, ಪ್ರಥಮ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದಲ್ಲಿ ಬ್ಯಾಟರಿ ಪ್ಯಾಕ್ ಜೋಡಿಸುವ ಒಂದು ಸಣ್ಣ ಘಟಕದಲ್ಲಿ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಶನಿವಾರ ಬಿಡುವಿದ್ದರೆ ಹೊರಗೆ ತರಬೇತಿಗೂ ಹೋಗುತ್ತೇನೆ. ಡೆಲಿವರಿ ಹಬ್, ಸ್ಕೂಟರ್ ಸರ್ವಿಸ್ ಸೆಂಟರ್, ಎಸ್.ಪಿ. ರಸ್ತೆಯ ರಿಪೇರಿ ಅಂಗಡಿ, ವೈಟ್‌ಫೀಲ್ಡಿನ ಐಟಿ ಆಫೀಸು, ಎಲ್ಲಿಗೆ ಹೋದರೂ ಜನ ಕೇಳುವುದು ಹೆಚ್ಚು ಕಡಿಮೆ ಅವೇ ಪ್ರಶ್ನೆ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ನಿಮ್ಮಲ್ಲಿ ಈಗಲೇ ಹೊಗೆ ಬರುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ. ಎಲ್ಲರನ್ನೂ ಆಚೆ ಕಳಿಸಿ. ಅಗ್ನಿಶಾಮಕ ದಳಕ್ಕೆ 101 ಅಥವಾ 112, ಆಂಬ್ಯುಲೆನ್ಸಿಗೆ 108.

ಬೆಂಕಿ ಅಂದರೆ ಬೆಂಕಿ ತಾನೇ? ಬ್ಯಾಟರಿ ಬೆಂಕಿಯಲ್ಲಿ ಏನು ಬೇರೆ?

ಕಾಗದಕ್ಕೋ ಬಟ್ಟೆಗೋ ಹತ್ತಿದ ಬೆಂಕಿಗೆ ಗಾಳಿ ಬೇಕು. ಗಾಳಿ ತಪ್ಪಿಸಿದರೆ ಆರುತ್ತದೆ. ಲಿಥಿಯಂ-ಅಯಾನ್ ಸೆಲ್ ಹಾಗಲ್ಲ. ಅದರ ಕಾವು ಒಳಗಿನಿಂದಲೇ ಹುಟ್ಟುತ್ತದೆ.

ಒಂದು ಸೆಲ್ ಬಿಚ್ಚಿದರೆ (ನೀವು ಬಿಚ್ಚಬೇಡಿ, ದಯವಿಟ್ಟು) ಒಳಗೆ ಚಾಪೆ ಸುತ್ತಿದ ಹಾಗೆ ಎರಡು ಲೋಹದ ಹಾಳೆಗಳಿರುತ್ತವೆ. ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಎಲ್ಲವೂ ಥಿನ್ನರ್‌ನಂತೆ ಸುಲಭವಾಗಿ ಹೊತ್ತಿಕೊಳ್ಳುವ ದ್ರವದಲ್ಲಿ ನೆನೆದಿರುತ್ತವೆ. ಪೆಟ್ಟು, ಜಾಸ್ತಿ ಚಾರ್ಜ್, ತಯಾರಿಕೆಯ ದೋಷ, ಹೊರಗಿನ ಬಿಸಿ, ಯಾವುದೋ ಕಾರಣಕ್ಕೆ ಸೆಲ್ ಕಾದರೆ ಆ ಪೊರೆ ಸುಮಾರು 130 ಡಿಗ್ರಿಯ ಹೊತ್ತಿಗೆ ಕರಗುತ್ತದೆ. ಹಾಳೆಗಳು ಒಂದಕ್ಕೊಂದು ತಾಗುತ್ತವೆ, ಇನ್ನಷ್ಟು ಕಾವು, ಇನ್ನಷ್ಟು ಗ್ಯಾಸ್. ಆಮೇಲೆ ಅದನ್ನು ತಡೆಯುವವರಿಲ್ಲ. ಇದಕ್ಕೆ ಥರ್ಮಲ್ ರನ್‌ಅವೇ ಅನ್ನುತ್ತಾರೆ. ಕೆಲವು ಬಗೆಯ ಸೆಲ್‌ಗಳಲ್ಲಿ ಒಳಗಿನ ಪದಾರ್ಥವೇ ಕಾದಾಗ ಆಮ್ಲಜನಕ ಬಿಡುತ್ತದೆ. ಹೊರಗಿನ ಗಾಳಿಗೆ ಕಾಯಬೇಕಾಗಿಯೇ ಇಲ್ಲ.

ಒಂದು ಸೆಲ್ ಹೋದರೆ ಪಕ್ಕದ್ದು ಕಾಯುತ್ತದೆ, ಅದರ ಪಕ್ಕದ್ದು ಸಿಡಿಯುತ್ತದೆ. ಸ್ಕೂಟರ್ ಪ್ಯಾಕ್‌ನಲ್ಲಿ ಇಂಥ ಸೆಲ್‌ಗಳು ನೂರಾರು ಇರಬಹುದು. ಪಟಾಕಿ ಸರಕ್ಕೆ ಒಂದು ತುದಿಯಲ್ಲಿ ಕಿಡಿ ಇಟ್ಟ ಹಾಗೆ.

ಮುಂಚೆಯೇ ಗೊತ್ತಾಗುತ್ತಾ?

ಎಲ್ಲ ಸಲ ಇಲ್ಲ. ಆದರೆ ಬಹಳ ಸಲ ಗೊತ್ತಾಗುತ್ತದೆ. ಗೊತ್ತಾದಾಗ ನಾವು ಸುಮ್ನಿರುತ್ತೇವೆ, ಅಲ್ಲೇ ಎಡವಟ್ಟಾಗುವುದು.

ನಮ್ಮಲ್ಲೇ ಆದದ್ದು ಹೇಳುತ್ತೇನೆ. ಒಂದು ಮಳೆಗಾಲದ ಮಧ್ಯಾಹ್ನ, ಟೆಸ್ಟಿಂಗ್ ಟೇಬಲ್ಲಿನ ಹುಡುಗಿ ತಲೆ ಎತ್ತಿ ಕೇಳಿದಳು, "ಸಾರ್, ಯಾರಾದ್ರೂ ನೇಲ್ ಪಾಲಿಶ್ ಹಚ್ಕೋತಿದಾರಾ?" ಯಾರೂ ಹಚ್ಚಿಕೊಳ್ಳುತ್ತಿರಲಿಲ್ಲ. ಆ ಸಿಹಿ ಸಿಹಿ ಥಿನ್ನರ್ ವಾಸನೆ ಹಿಡಿದು ಹುಡುಕಿದೆವು. ರಿಪೇರಿಗೆ ಬಂದು ರ‍್ಯಾಕ್‌ನ ಕೆಳಗಿನ ಹಲಗೆಯಲ್ಲಿ ಕೂತಿದ್ದ ಒಂದು ಪ್ಯಾಕ್. ಮೇಲಿನ ನೀಲಿ ಹೊದಿಕೆ ಒಂದು ಮೂಲೆಯಲ್ಲಿ ಬಿಗಿದು ಹೊಳೆಯುತ್ತಿತ್ತು. ಅಂಗೈಯನ್ನು ಹತ್ತಿರ ಹಿಡಿದರೆ ಈಗ ತಾನೇ ಇಳಿಸಿದ ಕಾಫಿ ಲೋಟದಷ್ಟು ಬಿಸಿ. ಉದ್ದ ಕೈಗವಸು ಹಾಕಿಕೊಂಡು ಟ್ರಾಲಿಗೆ ಜಾರಿಸಿ, ಗೇಟಿನ ಪಕ್ಕದ ಮರಳು ಗುಂಡಿಗೆ ತಳ್ಳಿಕೊಂಡು ಹೋದೆವು. ಇಪ್ಪತ್ತು ನಿಮಿಷದ ನಂತರ ಕುಕ್ಕರ್ ವಿಷಲ್ ಬರುವ ಮುಂಚಿನ ಸದ್ದಿನಂತೆ ಬುಸ್ ಅಂದಿತು, ಆಮೇಲೆ ಹೊತ್ತಿಕೊಂಡಿತು. ಅಷ್ಟು ಹೊತ್ತಿಗೆ ಅದರ ಸುತ್ತ ಯಾರೂ ಇರಲಿಲ್ಲ. ಅವತ್ತು ಆ ಹುಡುಗಿ ನೆಗಡಿಯಾಗಿ ರಜೆ ಹಾಕಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ.

ಹಾಗಾಗಿ ವಾಸನೆ, ಉಬ್ಬು, ಚಾರ್ಜಿಗೆ ಹಾಕದೆಯೂ ಬಿಸಿ, ಬುಸ್ ಸದ್ದು, ಈ ನಾಲ್ಕರಲ್ಲಿ ಯಾವುದು ಕಂಡರೂ ಕೆಲಸ ನಿಲ್ಲಿಸಿ. ಆದರೆ ಸದ್ದು ಶುರುವಾಗಿದ್ದರೆ ಎತ್ತಿ ಸಾಗಿಸಲು ಹೋಗಬೇಡಿ. ಆಗ ಸಾಗಿಸಬೇಕಾದದ್ದು ಜನರನ್ನು.

ಆಫೀಸಿನಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. ಟ್ರ್ಯಾಕ್‌ಪ್ಯಾಡ್ ಒತ್ತಲು ಗಟ್ಟಿಯಾಗುತ್ತದೆ. ಮೇಜಿನ ಮೇಲೆ ಇಟ್ಟ ಲ್ಯಾಪ್‌ಟಾಪ್ ತೊಟ್ಟಿಲಿನ ಹಾಗೆ ಅಲ್ಲಾಡುತ್ತದೆ. ಮೊಬೈಲ್ ಪರದೆ ಒಂದು ಅಂಚಿನಲ್ಲಿ ಮೇಲೆದ್ದಿರುತ್ತದೆ. ಐಟಿ ಟೀಮ್‌ಗೆ ದೂರು ಬರೆದು ಮೂರು ವಾರ ಅದನ್ನೇ ಬಳಸುವವರಿದ್ದಾರೆ. ಬೇಡ.

ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿ ಗ್ಯಾಸ್ ತೆಗೆದರೆ ಸರಿಹೋಗುತ್ತಂತೆ, ನಿಜಾನಾ?

ಇಲ್ಲ. ಸೂಜಿ ಆ ತೆಳು ಪೊರೆಯನ್ನೂ ಚುಚ್ಚುತ್ತದೆ. ಮುಂದಿನದ್ದು ನಿಮ್ಮ ಮುಖದ ಮುಂದೆಯೇ ಆಗುತ್ತದೆ.

ಚಾರ್ಜರ್ ತೆಗೆಯಿರಿ, ಸ್ವಿಚ್ ಆಫ್ ಮಾಡಿ. ಒತ್ತಬೇಡಿ, ಬಗ್ಗಿಸಬೇಡಿ, ಫ್ರಿಡ್ಜಿನಲ್ಲಿಡಬೇಡಿ. ಬಿಡಿ ಬ್ಯಾಟರಿಯಾದರೆ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಒಣ ಮರಳು ಹಾಕಿದ ಕಬ್ಬಿಣದ ಬಕೆಟ್ಟಿನಲ್ಲಿಟ್ಟು, ಕಟ್ಟಡದಿಂದ ಮತ್ತು ನಿಂತ ಗಾಡಿಗಳಿಂದ ದೂರ, ಮಳೆ ಬೀಳದ ಕಡೆ ಇಡಿ. ಬಕೆಟ್ಟಿಗೆ ಗಟ್ಟಿ ಮುಚ್ಚಳ ಹಾಕಬೇಡಿ, ಗ್ಯಾಸಿಗೆ ದಾರಿ ಬೇಕು. ಉಪ್ಪುನೀರಿನಲ್ಲಿ ಮುಳುಗಿಸಿ ಚಾರ್ಜ್ ಇಳಿಸುವ ಪ್ರಯೋಗ ಆಫೀಸಿನ ಪ್ಯಾಂಟ್ರಿಯಲ್ಲಿ ಮಾಡುವಂಥದ್ದಲ್ಲ.

ಹೊಗೆ ಬಂದೇ ಬಿಟ್ಟಿತು. ಮೊದಲ ನಿಮಿಷದಲ್ಲಿ ಏನು ಮಾಡಬೇಕು?

ಕೂಗಿ. ನಾಚಿಕೆ ಬೇಡ. "ಬ್ಯಾಟರಿ ಬೆಂಕಿ, ಎಲ್ಲರೂ ಆಚೆ ಬನ್ನಿ" ಅಂತ ಜೋರಾಗಿ ಕೂಗಿ ಅಲಾರಂ ಒತ್ತಿ. ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ನೀವು ಹೋಗುವ ದಾರಿಯಲ್ಲೇ ಇದ್ದರೆ ಇಳಿಸಿ, ಇಲ್ಲದಿದ್ದರೆ ಬಿಡಿ. ಕೊನೆಗೆ ಬಂದವರು ಬಾಗಿಲು ಮುಚ್ಚಿಕೊಂಡು ಬನ್ನಿ, ಬೀಗ ಹಾಕಬೇಡಿ. ಹೊಗೆ ತಲೆಯ ಮಟ್ಟಕ್ಕೆ ಇಳಿದಿದ್ದರೆ ಬಗ್ಗಿ ನಡೆಯಿರಿ. ಲಿಫ್ಟ್ ಬೇಡ, ಮೆಟ್ಟಿಲು. ಬ್ಯಾಗು, ಊಟದ ಡಬ್ಬಿ, ಗಾಡಿ ಕೀ ಯಾವುದಕ್ಕೂ ವಾಪಸ್ ಹೋಗಬೇಡಿ. ಗೇಟಿನ ಹತ್ತಿರ ನಿಂತು ತಲೆ ಎಣಿಸಿ.

2024ರ ಜೂನ್ 24ರಂದು ದಕ್ಷಿಣ ಕೊರಿಯಾದ ಹ್ವಾಸಂಗ್‌ನಲ್ಲಿ ಒಂದು ಲಿಥಿಯಂ ಬ್ಯಾಟರಿ ಕಾರ್ಖಾನೆ ಸುಟ್ಟು 23 ಜನ ತೀರಿಕೊಂಡರು. ಅಲ್ಲಿನ ಸಿಸಿಟಿವಿ ದೃಶ್ಯದಲ್ಲಿ ಮೊದಲು ಒಂದು ರಾಶಿಯಿಂದ ಹೊಗೆ ಏಳುತ್ತದೆ. ಕೆಲಸಗಾರರು ಪಕ್ಕದ ಮಾಲು ಸರಿಸಲು ನೋಡುತ್ತಾರೆ, ಫೈರ್ ಸಿಲಿಂಡರ್ ತಂದು ಹೊಡೆಯುತ್ತಾರೆ. ಒಂದು ನಿಮಿಷದೊಳಗೆ ಕೋಣೆಯೆಲ್ಲ ಹೊಗೆ. ನಾವೂ ಅಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆವು, ಅಲ್ವಾ? ತರಬೇತಿಯಲ್ಲಿ ನಾನು ಮುರಿಯಲು ನೋಡುವುದು ಆ ಅಭ್ಯಾಸವನ್ನೇ.

ಇನ್ನೊಂದು ಮಾತು. ಬಿಳಿ ಹೊಗೆ ಕಂಡರೆ "ಬರೀ ಹಬೆ, ಬೆಂಕಿ ಇಲ್ಲವಲ್ಲ" ಅಂದುಕೊಳ್ಳಬೇಡಿ. ಅದು ಹೊತ್ತಿಕೊಳ್ಳುವ ಗ್ಯಾಸ್. ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡು ಒಂದು ಕಿಡಿ ತಾಗಿದರೆ ಬೆಂಕಿಯಲ್ಲ, ಸ್ಫೋಟವೇ ಆಗುತ್ತದೆ.

ಹಾಗಾದರೆ ನಾವು ಆರಿಸಲೇ ಬಾರದಾ? ಒಂದು ಫೋನು, ಪವರ್ ಬ್ಯಾಂಕ್ ಅಥವಾ ಲ್ಯಾಪ್‌ಟಾಪ್ ಮೇಜಿನ ಮೇಲೆ ಉರಿಯುತ್ತಿದೆ, ಬಾಗಿಲು ನಿಮ್ಮ ಬೆನ್ನ ಹಿಂದೆ ಇದೆ, ಹೊಗೆ ಇನ್ನೂ ತುಂಬಿಲ್ಲ, ನೀರು ಕೈಗೆ ಸಿಗುತ್ತದೆ. ಇಷ್ಟೂ ಇದ್ದರೆ ಪ್ರಯತ್ನಿಸಿ. ಒಂದು ಇಲ್ಲದಿದ್ದರೂ ಹೊರಡಿ. ಸ್ಕೂಟರ್ ಪ್ಯಾಕ್, ಯುಪಿಎಸ್ ರ‍್ಯಾಕ್, ಗೋಡೌನ್ ಮಾಲು, ಇವು ನಮ್ಮ ಕೆಲಸವಲ್ಲ.

ಫೋನಿನಲ್ಲಿ ಅಗ್ನಿಶಾಮಕ ದಳದವರಿಗೆ ಏನು ಹೇಳಬೇಕು?

ಮೊದಲ ವಾಕ್ಯದಲ್ಲೇ "ಲಿಥಿಯಂ ಬ್ಯಾಟರಿ" ಅನ್ನಿ. ಒಳಗೆ ಜನ ಸಿಕ್ಕಿಕೊಂಡಿದ್ದಾರಾ, ಎಷ್ಟು ಪ್ಯಾಕ್ ಇವೆ, ಯಾವ ಮಹಡಿ ಅಂತ ಹೇಳಿ. ವಿಳಾಸ ಬರೆದ ಚೀಟಿ ಸೆಕ್ಯುರಿಟಿ ಟೇಬಲ್ ಮೇಲೆ ಅಂಟಿಸಿಡಿ. ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಯಾವ ಹಂತ, ಎಷ್ಟನೇ ಕ್ರಾಸ್ ಅಂತ ಸರಿಯಾಗಿ ಹೇಳದಿದ್ದರೆ ಕೊರಿಯರ್ ಹುಡುಗನೇ ಅರ್ಧ ಗಂಟೆ ಸುತ್ತುತ್ತಾನೆ. ಒಬ್ಬರು ಮುಖ್ಯರಸ್ತೆಗೆ ಹೋಗಿ ನಿಲ್ಲಿ.

ಲಿಥಿಯಂಗೆ ನೀರು ತಾಗಬಾರದು ಅಂತ ಶಾಲೆಯಲ್ಲಿ ಓದಿದ್ದೆವಲ್ಲ?

ಈ ಪ್ರಶ್ನೆ ಬರದ ತರಬೇತಿ ಇಲ್ಲ. ಓದಿದ್ದು ಸರಿ. ಆದರೆ ಅದು ಲಿಥಿಯಂ ಲೋಹದ ಮಾತು. ಫೋನು, ಲ್ಯಾಪ್‌ಟಾಪ್, ಸ್ಕೂಟರ್‌ಗಳಲ್ಲಿರುವ ಚಾರ್ಜ್ ಆಗುವ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಲೋಹದ ರೂಪದ ಲಿಥಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿ ಬೇಕಾಗಿರುವುದು ತಂಪು. ನೀರಿನಷ್ಟು ತಂಪು ಮಾಡುವ, ಅಷ್ಟು ಸುಲಭಕ್ಕೆ ಸಿಗುವ ವಸ್ತು ಬೇರೆ ಇಲ್ಲ. ಜ್ವಾಲೆ ಹೋದ ಮೇಲೂ ಹಾಕುತ್ತಲೇ ಇರಬೇಕು, ಒಳಗಿನ ಸೆಲ್‌ಗಳು ತಣ್ಣಗಾಗುವವರೆಗೆ. ಒಂದು ಲೋಟ ಸಾಲದು. ಐಸ್ ಹಾಕಿ ಮುಚ್ಚಬೇಡಿ, ಅದು ಕಾವನ್ನು ಒಳಗೇ ಹಿಡಿದಿಡುತ್ತದೆ.

ಕರೆಂಟಿಗೆ ಸಿಕ್ಕಿಸಿದ್ದರೆ ಮೊದಲು ಸ್ವಿಚ್ ಆಫ್ ಆಗಬೇಕು, ಆಮೇಲೆ ನೀರು. ಕಾರು, ದೊಡ್ಡ ಯುಪಿಎಸ್ ಇಂಥವುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಅವನ್ನು ದಳದವರಿಗೇ ಬಿಡಿ.

ಚಾರ್ಜ್ ಆಗದ, ಒಮ್ಮೆ ಬಳಸಿ ಎಸೆಯುವ ಲಿಥಿಯಂ ಬ್ಯಾಟರಿಗಳ ಕಥೆ ಬೇರೆ. ಕೆಲವು ಮೀಟರುಗಳಲ್ಲಿ, ಉಪಕರಣಗಳಲ್ಲಿ ಇರುತ್ತವಲ್ಲ, ಅವುಗಳಲ್ಲಿ ನಿಜವಾಗಿಯೂ ಲೋಹ ಇರುತ್ತದೆ. ಮೇಲೆ ಹೇಳಿದ ಕೊರಿಯಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಅಂಥವು. ಅವನ್ನು ರಾಶಿಗಟ್ಟಲೆ ಇಡುವವರು ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು.

ಗೋಡೆಗೆ ನೇತುಹಾಕಿದ ಸಿಲಿಂಡರ್ ದಂಡವಾ?

ದಂಡ ಅಲ್ಲ, ಅರ್ಧ ಕೆಲಸದ್ದು. ಎಬಿಸಿ ಪುಡಿಯಾಗಲಿ ಕಾರ್ಬನ್ ಡೈಆಕ್ಸೈಡ್ ಆಗಲಿ ಜ್ವಾಲೆಯನ್ನು ಕೆಡವುತ್ತದೆ, ಪಕ್ಕದ ಪರದೆಗೆ, ರಟ್ಟಿನ ಡಬ್ಬಕ್ಕೆ ಹತ್ತಿದ್ದನ್ನು ಆರಿಸುತ್ತದೆ. ಬ್ಯಾಟರಿಯನ್ನು ತಣ್ಣಗೆ ಮಾಡುವುದಿಲ್ಲ. ಹಾಗಾಗಿ ಎರಡು ನಿಮಿಷ ಬಿಟ್ಟು ಮತ್ತೆ ಹೊತ್ತಿಕೊಳ್ಳುತ್ತದೆ. ಸಿಲಿಂಡರ್ ಹೊಡೆದು ದಾರಿ ಮಾಡಿಕೊಂಡು ಆಚೆ ಬರುವುದಕ್ಕೆ ಅದು ಒಳ್ಳೆಯದು.

"ಲಿಥಿಯಂಗೆ ಅಂತಲೇ ಕ್ಲಾಸ್ ಡಿ ಸಿಲಿಂಡರ್ ತಗೊಳ್ಳಿ" ಅಂತ ಮಾರಲು ಬರುವವರಿದ್ದಾರೆ. ಕ್ಲಾಸ್ ಡಿ ಇರುವುದು ಲೋಹದ ಬೆಂಕಿಗೆ. ಲಿಥಿಯಂ-ಅಯಾನ್ ಪ್ಯಾಕಿಗೆ ಅದು ಸರಿಯಾದ ಆಯ್ಕೆಯಲ್ಲ. ಆ ದುಡ್ಡಿಗೆ ಚಾರ್ಜಿಂಗ್ ಕೋಣೆಯಲ್ಲಿ ಹೊಗೆ ಪತ್ತೆ ಮಾಡುವ ಅಲಾರಂ ಹಾಕಿಸಿ.

ಮರಳು? ಫೈರ್ ಬ್ಲಾಂಕೆಟ್?

ಬೆಂಕಿ ಹರಡದಂತೆ ತಡೆಯಲು ಮರಳು ಉಪಯೋಗಕ್ಕೆ ಬರುತ್ತದೆ, ಆರಿಸಲು ಅಲ್ಲ. ಬ್ಲಾಂಕೆಟ್ ಹೊದಿಸಲು ಹತ್ತಿರ ಹೋಗಬೇಕು, ಹೊದಿಸಿದರೆ ಗ್ಯಾಸ್ ಅಡಿಯಲ್ಲಿ ಸೇರುತ್ತದೆ. ತರಬೇತಿ ಇಲ್ಲದವರಿಗೆ ಬೇಡ.

ಹೊಗೆ ಕುಡಿದವರಿಗೆ ಏನು ಮಾಡಬೇಕು?

ಈ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಹೈಡ್ರೋಜನ್ ಫ್ಲೋರೈಡ್ ಇರುತ್ತದೆ. ಎರಡನೆಯದು ಶ್ವಾಸಕೋಶದ ಒಳಗೆ ಒದ್ದೆ ಜಾಗದಲ್ಲಿ ಆಸಿಡ್ ಆಗುತ್ತದೆ. ಬಟ್ಟೆಯ ಮಾಸ್ಕಾಗಲಿ ಒದ್ದೆ ಕರ್ಚೀಫಾಗಲಿ ಇದನ್ನು ತಡೆಯುವುದಿಲ್ಲ.

ಅವರನ್ನು ತೆರೆದ ಗಾಳಿಗೆ ತನ್ನಿ. ಎಚ್ಚರ ಇದ್ದರೆ ಮಲಗಿಸಬೇಡಿ, ಒರಗಿಸಿ ಕೂರಿಸಿ. ಕುತ್ತಿಗೆಯ ಗುಂಡಿ, ಬೆಲ್ಟ್ ಸಡಿಲಿಸಿ. ಹೊಗೆ ಹಿಡಿದ ಬಟ್ಟೆ ತೆಗೆಸಿ. ಕುಡಿಯಲು ಮಜ್ಜಿಗೆ, ಹಾಲು, ಬೆಲ್ಲ ಏನೂ ಕೊಡುವುದು ಬೇಡ. ಎಚ್ಚರ ತಪ್ಪಿ ಉಸಿರು ನಿಂತಿದ್ದರೆ 108ಕ್ಕೆ ಹೇಳಿ ಎದೆಯ ನಡುವೆ ಒತ್ತಲು ಶುರು ಮಾಡಿ. ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲ 5ರಿಂದ 6 ಸೆಂಟಿಮೀಟರ್ ಆಳ.

ಇಲ್ಲಿ ಎರಡು ಮೋಸಗಳಿವೆ. ಒಂದು, "ಈಗ ಆರಾಮಾಗಿದ್ದೀನಿ" ಅನ್ನುವುದು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಗಂಟೆಗಳ ನಂತರವೂ ಶುರುವಾಗಬಹುದು, ಒಂದು ದಿನ ಬಿಟ್ಟೂ ಬರಬಹುದು. ಮೂಗಿನಲ್ಲಿ ಮಸಿ, ಗಡಸಾದ ದನಿ, ಸುಟ್ಟ ಮೂಗಿನ ಕೂದಲು, ಎದೆ ಬಿಗಿತ ಇದ್ದರಂತೂ ತಡ ಮಾಡಲೇಬಾರದು. ಎರಡು, ಕೊರೊನಾ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್. ಅದಕ್ಕೆ ರಕ್ತದಲ್ಲಿರುವುದು ಆಮ್ಲಜನಕವೋ ಕಾರ್ಬನ್ ಮೊನಾಕ್ಸೈಡೋ ಗೊತ್ತಾಗುವುದಿಲ್ಲ. 98 ತೋರಿಸಿತು ಅಂತ ಮನೆಗೆ ಕಳಿಸಬೇಡಿ.

ಸುಟ್ಟ ಗಾಯಕ್ಕೆ ಮೊದಲು ಏನು ಹಚ್ಚಬೇಕು?

ಏನನ್ನೂ ಹಚ್ಚಬಾರದು. ನೀರು ಮಾತ್ರ.

ಒಂದು ಗೋಡೌನಿನಲ್ಲಿ ಪವರ್ ಬ್ಯಾಂಕ್ ಸಿಡಿದು ಹುಡುಗನೊಬ್ಬನ ಅಂಗೈ ಸುಟ್ಟಿತ್ತು. ನಾನು ಹೋಗುವಷ್ಟರಲ್ಲಿ ವಾಚ್‌ಮನ್ ಅಂಕಲ್ ಟೂತ್‌ಪೇಸ್ಟ್ ಬಳಿದು, ಅದರ ಮೇಲೆ ಅರಿಶಿನ ಉದುರಿಸಿ, ಹತ್ತಿ ಸುತ್ತಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆಸ್ಪತ್ರೆಯಲ್ಲಿ ಆ ಒಣಗಿದ ಪೇಸ್ಟು, ಅಂಟಿದ ಹತ್ತಿ ಕೆರೆದು ತೆಗೆಯುವಾಗ ಆ ಹುಡುಗ ಕೂಗಿದ್ದು ಸುಟ್ಟಾಗ ಕೂಗಿದ್ದಕ್ಕಿಂತ ಜಾಸ್ತಿ.

ನಲ್ಲಿಯಿಂದ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಫೋನಿನಲ್ಲಿ ಟೈಮರ್ ಇಟ್ಟುಕೊಳ್ಳಿ, ಯಾಕೆಂದರೆ ನೋವಿನಲ್ಲಿ ಐದು ನಿಮಿಷವೇ ಒಂದು ಗಂಟೆ ಅನ್ನಿಸುತ್ತದೆ. ತಡವಾಗಿದ್ದರೂ ಪರವಾಗಿಲ್ಲ, ಮೂರು ಗಂಟೆಯೊಳಗೆ ಮಾಡಿದರೂ ಉಪಯೋಗ ಇದೆ. ನಲ್ಲಿಯಲ್ಲಿ ನೀರು ಬರದ ದಿನಗಳು ನಮ್ಮೂರಲ್ಲಿ ಕಡಿಮೆಯೇನಲ್ಲ. ಆಗ ಕ್ಯಾನ್ ನೀರನ್ನು ಮಗ್ಗಿನಲ್ಲಿ ನಿಧಾನಕ್ಕೆ ಸುರಿಯುತ್ತಿರಿ. ನಮ್ಮ ಶೆಡ್ಡಿನಲ್ಲಿ ಇದಕ್ಕೆಂದೇ ನಲ್ಲಿ ಇರುವ 200 ಲೀಟರ್ ಡ್ರಮ್ ಇದೆ. ಕೈ ತೊಳೆಯಲು ಅದನ್ನು ಮುಟ್ಟಿದವರಿಗೆ ಬೈಗುಳ ಗ್ಯಾರಂಟಿ.

ಉಂಗುರ, ಬಳೆ, ವಾಚು, ಕಾಲುಂಗುರ ಊತ ಬರುವ ಮೊದಲೇ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ, ಸುತ್ತಲಿನದ್ದನ್ನು ಕತ್ತರಿಸಿ. ಬೊಬ್ಬೆ ಒಡೆಯಬೇಡಿ. ಐಸ್ ಬೇಡ, ತುಪ್ಪ ಬೇಡ, ಇಂಕು ಬೇಡ, ದೋಸೆ ಹಿಟ್ಟೂ ಬೇಡ. ನೀರಾದ ಮೇಲೆ ಅಡುಗೆಮನೆಯಲ್ಲಿ ಊಟ ಸುತ್ತುವ ತೆಳು ಪಾರದರ್ಶಕ ಹಾಳೆಯನ್ನು ಗಾಯದ ಮೇಲೆ ಉದ್ದುದ್ದಕ್ಕೆ ಹಾಸಿ, ಬಿಗಿಯಾಗಿ ಸುತ್ತಬೇಡಿ. ಅದಿಲ್ಲದಿದ್ದರೆ ಶುಭ್ರವಾದ, ನಾರು ಬಿಡದ ಬಟ್ಟೆ ಸಾಕು. ಮೈ ಬಹಳ ಸುಟ್ಟಿದ್ದರೆ ಗಾಯವನ್ನು ತಣ್ಣಗೆ ಮಾಡುತ್ತಲೇ ಉಳಿದ ಮೈಗೆ ಹೊದಿಕೆ ಹೊದಿಸಿ, ನಡುಕ ಬರಬಾರದು.

ಬಟ್ಟೆಗೆ ಬೆಂಕಿ ಹತ್ತಿದ್ದರೆ ಓಡಲು ಬಿಡಬೇಡಿ. ನಿಲ್ಲಿಸಿ, ಮಲಗಿಸಿ, ಉರುಳಿಸಿ.

ಗಾಯಾಳುವಿನ ಸ್ವಂತ ಅಂಗೈ, ಬೆರಳು ಸೇರಿ, ಅವರ ಮೈಯ ಹೆಚ್ಚು ಕಡಿಮೆ ನೂರರಲ್ಲಿ ಒಂದು ಭಾಗ. ಅದಕ್ಕಿಂತ ದೊಡ್ಡ ಗಾಯ, ಅಥವಾ ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೆ ಗಾತ್ರ ನೋಡದೆ ಆಸ್ಪತ್ರೆಗೆ. ಕೆ.ಆರ್. ಮಾರ್ಕೆಟ್ ಹತ್ತಿರದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಆದರೆ ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಊರು ದಾಟಿಕೊಂಡು ಹೋಗಬೇಡಿ, ಹತ್ತಿರದ ತುರ್ತು ವಿಭಾಗಕ್ಕೆ ಮೊದಲು.

ಬ್ಯಾಟರಿ ಸೋರಿ ಕೈಗೋ ಕಣ್ಣಿಗೋ ತಾಗಿದರೆ?

ಆ ದ್ರವದಲ್ಲಿ ಫ್ಲೋರಿನ್ ಇರುವ ಉಪ್ಪು ಕರಗಿರುತ್ತದೆ. ತೇವ ತಾಗಿದರೆ ಹೈಡ್ರೋಫ್ಲೋರಿಕ್ ಆಸಿಡ್ ಆಗುತ್ತದೆ. ಇದರ ಬುದ್ಧಿ ಕೆಟ್ಟದ್ದು. ಮೊದಲು ನೋವೇ ಇರದೆ, ಗಂಟೆಗಳ ನಂತರ ಮೂಳೆಯೊಳಗಿಂದ ಬಂದಂಥ ನೋವು ಶುರುವಾಗಬಹುದು. ಮೈಯಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ.

ಬಟ್ಟೆ ತೆಗೆದು ತಕ್ಷಣ ಧಾರಾಳ ನೀರಿನಲ್ಲಿ ತೊಳೆಯಿರಿ. ಪ್ಯಾಕ್ ಜೋಡಿಸುವ, ಬಿಚ್ಚುವ ಘಟಕಗಳಲ್ಲಿ 2.5 ಶೇಕಡಾ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಇಡಬೇಕು. ತೊಳೆದ ಮೇಲೆ ಕೈಗವಸು ಹಾಕಿಕೊಂಡು ಅದನ್ನು ಉಜ್ಜುತ್ತಾ ಆಸ್ಪತ್ರೆಗೆ ಹೊರಡಿ. ವೈದ್ಯರಿಗೆ "ಆಸಿಡ್" ಅಂತಷ್ಟೇ ಹೇಳಬೇಡಿ, "ಹೈಡ್ರೋಫ್ಲೋರಿಕ್" ಅಂತ ಹೇಳಿ. ಸಾಮಾನ್ಯ ಆಫೀಸಿಗೆ ಈ ಜೆಲ್ ಬೇಕಾಗಿಲ್ಲ.

ಕಣ್ಣಿಗಾದರೆ ರೆಪ್ಪೆ ಬಿಡಿಸಿ ಹಿಡಿದು 15ರಿಂದ 20 ನಿಮಿಷ ನೀರು ಬಿಡಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಹರಿಯುವಂತೆ. ಲೆನ್ಸ್ ಹಾಕಿದ್ದರೆ ತೆಗೆಸಿ. ಜೆಲ್ ಕಣ್ಣಿಗೆ ಹಾಕಬಾರದು. ವಿಕ್ಟೋರಿಯಾದ ಹತ್ತಿರವೇ ಮಿಂಟೋ ಕಣ್ಣಾಸ್ಪತ್ರೆ ಇದೆ.

ಫಸ್ಟ್ ಏಡ್ ಪೆಟ್ಟಿಗೆ ಎಷ್ಟಿರಬೇಕು?

1948ರ ಕಾರ್ಖಾನೆ ಕಾಯ್ದೆಯಿಂದ ಬಂದ ಲೆಕ್ಕ 150 ಕೆಲಸಗಾರರಿಗೆ ಕನಿಷ್ಠ ಒಂದು. ನನ್ನ ಮಾತು ಕೇಳಿದರೆ ಮಹಡಿಗೊಂದು. ಬೀಗ ಹಾಕಿ, ಕೀಲಿಯನ್ನು ಎಚ್‌ಆರ್ ಮೇಡಂ ಡ್ರಾಯರಿನಲ್ಲಿಡುವ ಪದ್ಧತಿ ಬಿಡಿ. ನಾನು ನೋಡಿದ ಪೆಟ್ಟಿಗೆಗಳಲ್ಲಿ ಅರ್ಧದಷ್ಟರಲ್ಲಿ ಇದ್ದದ್ದು ತಲೆನೋವಿನ ಮಾತ್ರೆ ಮತ್ತು ಸೇಫ್ಟಿ ಪಿನ್.

ಚಾರ್ಜಿಂಗ್ ಜಾಗ ಎಲ್ಲಿರಬೇಕು?

ಜನ ಆಚೆ ಓಡುವ ದಾರಿಯಲ್ಲಿ ಇರಬಾರದು. ಇದೊಂದನ್ನು ಪಾಲಿಸಿದರೆ ನಾನು ಬಂದದ್ದು ಸಾರ್ಥಕ ಅಂತ ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ. ಆದರೆ ನಮ್ಮ ಕಟ್ಟಡಗಳಲ್ಲಿ ಖಾಲಿ ಪ್ಲಗ್ ಪಾಯಿಂಟ್ ಇರುವುದೇ ಮೆಟ್ಟಿಲ ಕೆಳಗೆ, ಮೀಟರ್ ಬೋರ್ಡಿನ ಪಕ್ಕ. ಸ್ಕೂಟರ್ ಅಲ್ಲೇ ನಿಲ್ಲುತ್ತದೆ. ಅಲ್ಲಿ ಹೊತ್ತಿಕೊಂಡರೆ ಮೆಟ್ಟಿಲು ಹೊಗೆಗೂಡು ಆಗುತ್ತದೆ, ಮೇಲಿನವರು ಇಳಿಯುವ ಹಾಗಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನ ಒಂದು ಕಟ್ಟಡದಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆ, ಮೇಲೆ ಹೋಟೆಲು. ಕೆಳಗಿನ ಬೆಂಕಿಯ ಹೊಗೆ ಮೇಲೇರಿ ಎಂಟು ಜನ ಹೋದರು. ನಮ್ಮ ಬೆಂಗಳೂರಿನಲ್ಲೇ 2024ರ ನವೆಂಬರ್‌ನಲ್ಲಿ ಡಾ. ರಾಜ್‌ಕುಮಾರ್ ರಸ್ತೆಯ ಸ್ಕೂಟರ್ ಮಳಿಗೆಗೆ ಬೆಂಕಿ ಬಿದ್ದು, ಅಲ್ಲಿ ಕೆಲಸಕ್ಕಿದ್ದ ಯುವತಿಯೊಬ್ಬಳು ತೀರಿಕೊಂಡಳು.

ಗಾಳಿಯಾಡುವ, ಬಿಸಿಲು ಬೀಳದ, ಬಾಗಿಲಿಗೆ ಅಡ್ಡವಾಗದ ಜಾಗ ಆರಿಸಿ. ಸುತ್ತ ರಟ್ಟು, ಥರ್ಮೋಕೋಲ್, ಪೇಂಟ್ ಡಬ್ಬ ಇರಬಾರದು. ಎಕ್ಸ್‌ಟೆನ್ಶನ್ ಬೋರ್ಡಿಗೆ ಮತ್ತೊಂದು ಎಕ್ಸ್‌ಟೆನ್ಶನ್ ಸಿಕ್ಕಿಸಬೇಡಿ. ಓಡಿಸಿಕೊಂಡು ಬಂದ ಬಿಸಿ ಪ್ಯಾಕನ್ನು ಅರ್ಧ ಗಂಟೆ ಬಿಟ್ಟು ಚಾರ್ಜಿಗೆ ಹಾಕಿ. ರಾತ್ರಿ ಯಾರೂ ಇಲ್ಲದಾಗ ಇಪ್ಪತ್ತು ಪ್ಯಾಕ್ ಚಾರ್ಜಿಗೆ ಹಾಕಿ ಬೀಗ ಜಡಿದು ಹೋಗುವುದು ಬೇಡ. ಹಬ್‌ಗಳಲ್ಲಿ ಹುಡುಗರು "ಅಣ್ಣಾ, ಇಲ್ಲಿ ಬೇಡ ಅಂದ್ರೆ ಪಿ.ಜಿ. ರೂಮಲ್ಲಿ ಹಾಕ್ತೀನಿ" ಅನ್ನುತ್ತಾರೆ. ಆರು ಜನ ಮಲಗುವ ರೂಮಿನಲ್ಲಿ ಮಂಚದ ಕೆಳಗೆ ಅದು ಚಾರ್ಜ್ ಆಗುವುದಕ್ಕಿಂತ ಹಬ್ಬಿನ ಅಂಗಳದಲ್ಲಿ ಒಂದು ಶೀಟ್ ಹಾಕಿಸಿಕೊಡುವುದು ಮಾಲೀಕರಿಗೆ ದೊಡ್ಡ ಖರ್ಚಲ್ಲ.

ಪಿನ್ ಸರಿಹೊಂದಿದರೆ ಯಾವ ಚಾರ್ಜರ್ ಆದರೂ ನಡೆಯುತ್ತಾ?

ನಡೆಯಲ್ಲ. "48 ವೋಲ್ಟ್" ಅಂತ ಬರೆದ ಎರಡು ಪ್ಯಾಕ್ ತೆಗೆದುಕೊಳ್ಳಿ. ಒಂದರಲ್ಲಿ ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಬಗೆ) ಸೆಲ್ 13, ಒಂದರ ಹಿಂದೆ ಒಂದು ಸಾಲಾಗಿ, ತುಂಬಿದಾಗ 54.6 ವೋಲ್ಟ್. ಇನ್ನೊಂದರಲ್ಲಿ ಎಲ್‌ಎಫ್‌ಪಿ (ಕಬ್ಬಿಣ, ಫಾಸ್ಫೇಟ್ ಇರುವ ಬಗೆ) ಸೆಲ್ 16, ಹಾಗೆಯೇ ಸಾಲಾಗಿ, ತುಂಬಿದಾಗ 58.4 ವೋಲ್ಟ್. ಮೇಲಿನ ಚೀಟಿ ಒಂದೇ, ಪಿನ್ನೂ ಒಂದೇ. ಎರಡನೆಯದರ ಚಾರ್ಜರನ್ನು ಮೊದಲನೆಯದಕ್ಕೆ ಹಾಕಿದರೆ ಒಂದೊಂದು ಸೆಲ್ ಮೇಲೆ ಸುಮಾರು 4.5 ವೋಲ್ಟ್ ಬೀಳುತ್ತದೆ. ಅದರ ಮಿತಿ 4.2. ಬಿಎಂಎಸ್ ಅನ್ನುವ ಕಾವಲು ಬೋರ್ಡ್ ಸರಿ ಇದ್ದರೆ ತಡೆಯುತ್ತದೆ. ಗುಜರಿ ಲ್ಯಾಪ್‌ಟಾಪ್ ಸೆಲ್ ಕಿತ್ತು ಜೋಡಿಸಿದ ಅಗ್ಗದ ಪ್ಯಾಕಿನಲ್ಲಿ ಆ ಬೋರ್ಡನ್ನು ನಂಬುವ ಹಾಗಿಲ್ಲ. ನಾವು ಪ್ಯಾಕಿಗೂ ಚಾರ್ಜರಿಗೂ ಒಂದೇ ಬಣ್ಣದ ಟೇಪ್ ಸುತ್ತುತ್ತೇವೆ. ಹಳದಿಗೆ ಹಳದಿ, ಕೆಂಪಿಗೆ ಕೆಂಪು.

ದ್ವಿಚಕ್ರ ವಾಹನದ ಬ್ಯಾಟರಿಗೆ ಎಐಎಸ್-156 ಅನ್ನುವ ಮಾನದಂಡ ಇದೆ. 2022ರ ಬೇಸಿಗೆಯಲ್ಲಿ ಸ್ಕೂಟರ್‌ಗಳು ಸಾಲಾಗಿ ಹೊತ್ತಿಕೊಂಡ ಮೇಲೆ ಅದನ್ನು ಎರಡು ಹಂತದಲ್ಲಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಿಂದ, ಬಿಗಿ ಮಾಡಿದರು. ಬದಲಿ ಪ್ಯಾಕ್ ಕೊಳ್ಳುವಾಗ ಅದನ್ನು ಕೇಳಿ.

ಎಲ್‌ಎಫ್‌ಪಿ ಬ್ಯಾಟರಿಗೆ ಬೆಂಕಿಯೇ ಹತ್ತಲ್ಲ ಅಂತಾರಲ್ಲ?

ಹತ್ತುವುದು ಕಷ್ಟ, ಹತ್ತುವುದೇ ಇಲ್ಲ ಅಂತಲ್ಲ. ಕಾವು ಕಡಿಮೆ, ಆದರೆ ಕಾದಾಗ ಬಿಡುವ ಗ್ಯಾಸ್ ಹೊತ್ತಿಕೊಳ್ಳುವಂಥದ್ದೇ.

ಬೇಸ್‌ಮೆಂಟಿಗೆ ಮಳೆ ನೀರು ನುಗ್ಗಿ ಸ್ಕೂಟರ್ ಮುಳುಗಿತ್ತು. ಒಣಗಿಸಿ ಚಾರ್ಜ್ ಮಾಡಬಹುದಾ?

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು ಕಡೆ ಮುಳುಗಿದ ಬೇಸ್‌ಮೆಂಟುಗಳನ್ನು ಎಲ್ಲರೂ ನೋಡಿದ್ದೇವೆ. ಕೊಳಕು ನೀರು ಪ್ಯಾಕಿನೊಳಗೆ ಹೋದರೆ ತುಕ್ಕು ಹಿಡಿಸುತ್ತದೆ, ಸಣ್ಣ ಸಣ್ಣ ಶಾರ್ಟ್ ಆಗುತ್ತವೆ. ಹೊರಗೆ ಒಣಗಿ ಚೆನ್ನಾಗಿಯೇ ಕಾಣುತ್ತದೆ, ದಿನಗಳು ಕಳೆದ ಮೇಲೆ ಹೊತ್ತಿಕೊಳ್ಳಬಹುದು. ಚಾರ್ಜ್ ಮಾಡಬೇಡಿ, ಆನ್ ಮಾಡಿಯೂ ನೋಡಬೇಡಿ. ಬಯಲಿಗೆ ತಳ್ಳಿ ನಿಲ್ಲಿಸಿ, ಸರ್ವಿಸ್‌ನವರಿಗೆ "ಮುಳುಗಿತ್ತು" ಅಂತ ಮುಚ್ಚಿಡದೆ ಹೇಳಿ.

ಬೆಂಕಿ ಆರಿತು. ಇನ್ನು ಒಳಗೆ ಹೋಗಬಹುದಾ?

ದಳದವರು ಹೇಳುವವರೆಗೆ ಬೇಡ. ಸುಟ್ಟ ಪ್ಯಾಕಿನಲ್ಲಿ ಉಳಿದ ಸೆಲ್‌ಗಳು ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರ ಮತ್ತೆ ಹೊತ್ತಿಕೊಳ್ಳುತ್ತವೆ. ಅದನ್ನು ಕಟ್ಟಡ, ಗಾಡಿಗಳಿಂದ ಸುಮಾರು 50 ಅಡಿ ದೂರ ಇರಿಸಿ ಕಣ್ಣಿಡಬೇಕು. ನೆಲದ ಮೇಲಿನ ನೀರು, ಮಸಿ ಎರಡರಲ್ಲೂ ಆಸಿಡ್ ಇರುತ್ತದೆ. ಹೌಸ್‌ಕೀಪಿಂಗ್ ಅಕ್ಕನ ಕೈಗೆ ಸುಮ್ನೆ ಮಾಪ್ ಕೊಟ್ಟು "ಒರೆಸಮ್ಮಾ" ಅನ್ನಬೇಡಿ. ಕೈಗವಸು, ಕನ್ನಡಕ, ಬೂಟು ಕೊಟ್ಟು, ಕಿಟಕಿ ಬಾಗಿಲು ತೆಗೆದು ಗಾಳಿಯಾಡಿಸಿ ಆಮೇಲೆ.

ಉಳಿದದ್ದನ್ನು ಕಸದ ಆಟೋಗೆ ಹಾಕಬೇಡಿ. ಲಾರಿಯಲ್ಲಿ ಕಸ ಒತ್ತುವಾಗ ಅದು ಮತ್ತೆ ಹೊತ್ತಿಕೊಂಡರೆ ಪೌರಕಾರ್ಮಿಕರ ಪ್ರಾಣಕ್ಕೆ ಕುತ್ತು. ಗುಜರಿಗೆ ತೂಕಕ್ಕೂ ಬೇಡ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಮಾರಿದವರಿಗೇ ಫೋನ್ ಮಾಡಿ, ಇಲ್ಲವೇ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರನ್ನು ಕರೆಸಿ. ಬರುವವರಿಗೆ ಇದು ಸುಟ್ಟ ಪ್ಯಾಕ್ ಅಂತ ಮೊದಲೇ ತಿಳಿಸಿ, ಅದಕ್ಕೆ ಅವರು ಬೇರೆ ಡ್ರಮ್ ತರಬೇಕಾಗುತ್ತದೆ.